ಕೆಂಪು ಮೇಲೆ, ನೀಲಿ ಕೆಳಗೆ

ನನ್ನ ಅಣ್ಣನಿಗೆ ಸೊಟ್ಟಗಿರುವುದನ್ನು ಕಂಡರೆ ಆಗುವುದಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ಬಳಿ ಬಗ್ಗಿ, ಅಲ್ಲಿ ಬಿದ್ದಿರುವ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ, ಮೂತಿ ಒಂದೇ ಕಡೆ ತಿರುಗಿಸಿಟ್ಟು, ಆಮೇಲೆಯೇ ಒಳಗೆ ಕಾಲಿಡುತ್ತಾನೆ. ಮದುವೆಯಾದ ಹೊಸತರಲ್ಲಿ ಅತ್ತಿಗೆ ಒಗೆದು ಹರವಿದ ಬಟ್ಟೆಗಳನ್ನು ಇವನು ಹಿಂದೆಯೇ ಹೋಗಿ ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಮಾಡಿ ಮತ್ತೆ ಹರವಿದನಂತೆ. "ನೀವು ಕಟ್ಕೊಂಡಿರೋದು ನನ್ನನ್ನೋ, ಈ ಹಗ್ಗಾನೋ?" ಎಂದು ಅತ್ತಿಗೆ ಕೇಳಿದ್ದರಂತೆ. ಅಣ್ಣ ಹಗ್ಗವನ್ನು ಇನ್ನಷ್ಟು ಬಿಗಿದನಂತೆ.

ನಾನು ಅವನ ತಮ್ಮ, ಕಬ್ಬಿಣದ ಕೆಲಸದವನು. ಬಾಗಿಲು, ಕಿಟಕಿಯ ಸರಳು, ಸಾಮಾನಿಡುವ ಸ್ಟ್ಯಾಂಡು ಮಾಡಿಕೊಡುತ್ತೇನೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಹಳೆಯ ಗಿರಾಕಿಗಳು ಮೊದಲು ಅದನ್ನು ನೋಡಿಕೊಂಡು ಆಮೇಲೆ ಚೌಕಾಸಿ ಶುರು ಮಾಡುತ್ತಾರೆ. ಅಣ್ಣ ಹಾಗಲ್ಲ. ಅವನ ದನಿ ಪಕ್ಕದ ಕೋಣೆಗೆ ಕೇಳಿದ್ದನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ನಾವಿಬ್ಬರೂ ಹೆಚ್ಚು ದಿನ ಕೂರಲಿಲ್ಲ. ನನ್ನನ್ನು ಅವರೇ ಓಡಿಸಿದರು, ಅವನು ನನ್ನ ಹಿಂದೆ ಎದ್ದು ಬಂದ.

ಮೊದಲು ಅವನು ಗಾಜಿನ ಸಾಮಾನಿನ ಉಗ್ರಾಣದಲ್ಲಿದ್ದ. ಅದು ಮುಚ್ಚಿದ ಮೇಲೆ ಊರಾಚೆಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ. ನೆಲಮಹಡಿಯ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಒಳಗೆ ಹೋಗುವ ಮುಂಚೆ ಚಪ್ಪಲಿ ಬದಲಿಸಬೇಕು, ಮೇಲಂಗಿ ತೊಡಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಪಾರದರ್ಶಕ ಪ್ಲಾಸ್ಟಿಕ್ಕಿನ ಪಂಜರಗಳು, ಅವುಗಳ ಮೇಲೆ ತಂತಿಯ ಮುಚ್ಚಳ, ಮುಚ್ಚಳದಲ್ಲಿ ತಲೆಕೆಳಗಾಗಿ ಸಿಕ್ಕಿಸಿದ ನೀರಿನ ಬಾಟಲಿ. ತೊಯ್ದ ಮರದ ಹೊಟ್ಟು ತೆಗೆದು ಹೊಸದು ಹಾಸುವುದು, ಪಂಜರ ತೊಳೆಯುವುದು, ಬಾಟಲಿಯ ಮೂತಿಯನ್ನು ಬೆರಳಿಂದ ತಟ್ಟಿ ಹನಿ ಬರುತ್ತದೋ ಇಲ್ಲವೋ ನೋಡುವುದು ಅವನ ದಿನದ ಕೆಲಸ. ಮನೆಗೆ ಬಂದರೆ ಅತ್ತಿಗೆ ಹೊಸ್ತಿಲಲ್ಲೇ ತಡೆಯುತ್ತಿದ್ದರು. "ಮೊದಲು ಸ್ನಾನ. ಆಮೇಲೆ ನೀವು ನನ್ನ ಗಂಡ."

ಸಂಸ್ಥೆಯಲ್ಲಿ ಅವನಿಗೆ ನೀಟಣ್ಣ ಎಂದು ಹೆಸರು ಬಿತ್ತು. ದೊಡ್ಡ ದೊಡ್ಡ ಓದಿನವರೆಲ್ಲ ಹಾಗೇ ಕರೆಯುತ್ತಿದ್ದರು. "ಪ್ರಾಣಿ ಕೋಣೆ ನೋಡಬೇಕು ಅಂದ್ರೆ ನಮ್ಮ ನೀಟಣ್ಣನ ಕೋಣೆ ನೋಡಬೇಕು" ಎಂದು ಹೊರಗಿನವರನ್ನು ಕರೆತಂದು ತೋರಿಸುತ್ತಿದ್ದರು. ಆ ವಯಸ್ಸಿನವರೆಗೆ ಅಣ್ಣನಿಗೆ ಯಾರೂ ಯಾವುದಕ್ಕೂ ಶಹಬ್ಬಾಸ್ ಎಂದಿರಲಿಲ್ಲ. ಊಟಕ್ಕೆ ಕುಳಿತಾಗ ಅದನ್ನು ಎರಡೆರಡು ಸಲ ಹೇಳುತ್ತಿದ್ದ. ಎರಡನೇ ಸಲ ಹೇಳುವಾಗ ತಟ್ಟೆ ನೋಡುತ್ತಾ ಹೇಳುತ್ತಿದ್ದ.

ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಡಾಕ್ಟರಮ್ಮನ ಪ್ರಯೋಗ. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಓದಿ ಡಾಕ್ಟರಾದವರು. ಕಾಲಿನ ನರ ಸೋತ ಇಲಿಗಳಿಗೆ ಒಂದು ಹೊಸ ಔಷಧಿ ಕೊಟ್ಟು, ಅವು ಮತ್ತೆ ನೆಟ್ಟಗೆ ನಡೆಯುತ್ತವೆಯೋ ಎಂದು ನೋಡುವುದು. ಅರ್ಧ ಇಲಿಗಳಿಗೆ ಔಷಧಿ ಬೆರೆಸಿದ ನೀರು, ಇನ್ನರ್ಧಕ್ಕೆ ಬರೀ ನೀರು. ಯಾವುದಕ್ಕೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನ ಮಾಡಿದ್ದರು. ಒಂದು ಗುಂಪಿನ ಬಾಟಲಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ. ಕೆಂಪೋ ನೀಲಿಯೋ, ಯಾವುದರಲ್ಲಿ ಔಷಧಿಯಿದೆ ಎಂಬುದು ಆ ಕೋಣೆಗೆ ಬರುವ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬರೆದಿಟ್ಟ ಕಾಗದ ಮಹಡಿಯ ಮೇಲೆ ಬೇರೆಯವರ ಬಳಿ ಬೀಗದಲ್ಲಿತ್ತು.

ಪಕ್ಕದ ಚಿಕ್ಕ ಕೋಣೆಯಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ತಿರುಗುವ ಕೋಲಿನ ಮೇಲೆ ಇಲಿ ಬಿಟ್ಟು, ಅದು ಎಷ್ಟು ಹೊತ್ತು ಬೀಳದೆ ನಡೆಯುತ್ತದೆ ಎಂದು ನೋಡಿ ಅಂಕ ಹಾಕುವವಳು. ಅಣ್ಣ ಅವಳನ್ನು ಟೀಚರಮ್ಮ ಎನ್ನುತ್ತಿದ್ದ. ಅಣ್ಣ ಬಾಟಲಿ ತೆಗೆದಿಟ್ಟು ಬರೀ ಪಂಜರವನ್ನು ಒಂದೊಂದಾಗಿ ಅವಳಿಗೆ ಕೊಡಬೇಕು. ಯಾವ ಬಣ್ಣದ್ದು ಎಂದು ಗೊತ್ತಾದರೆ ಅವಳಿಗೇ ತಿಳಿಯದಂತೆ ಅವಳ ಕೈ ಒಂದು ಗುಂಪಿಗೆ ಹೆಚ್ಚು ಅಂಕ ಹಾಕಿಬಿಡಬಹುದು ಎಂಬುದು ಲೆಕ್ಕ. ಇದನ್ನು ಅಣ್ಣನಿಗೆ ಹೇಳಿದ್ದರು. ಹೇಳದೆ ಬಿಟ್ಟದ್ದು ಇನ್ನೊಂದಿತ್ತು.

ಪಂಜರಗಳನ್ನಿಡುವ ಸ್ಟ್ಯಾಂಡು ಮಾಡಿಕೊಟ್ಟವನು ನಾನೇ. ನಾಲ್ಕು ಅಂತಸ್ತು, ಕೆಳಗೆ ಚಕ್ರ. ಪ್ರಯೋಗ ಶುರುವಾಗಿ ಸ್ವಲ್ಪ ಕಾಲಕ್ಕೆ ಒಂದು ಚಕ್ರ ಕಚ್ಚಿಕೊಂಡಿತೆಂದು ಕರೆಸಿದರು. ನಾನು ನೆಲದ ಮೇಲೆ ಮಲಗಿ ಚಕ್ರ ಬಿಚ್ಚುತ್ತಿದ್ದಾಗ ಅಣ್ಣ ನನ್ನ ಕಾಲು ತಟ್ಟಿದ.

"ಲೋ, ಎದ್ದು ನೋಡೋ. ಹೇಗಿದೆ?"

ಎದ್ದು ನೋಡಿದೆ. ಮೇಲಿನ ಎರಡು ಅಂತಸ್ತಿನಲ್ಲಿ ಕೆಂಪು ಪಟ್ಟಿಯ ಬಾಟಲಿಗಳು, ಕೆಳಗಿನ ಎರಡರಲ್ಲಿ ನೀಲಿ. ನೂಲು ಹಿಡಿದು ಇಟ್ಟ ಹಾಗೆ.

"ಚೀಟಿ ಎತ್ತಿ ಹೇಗೆ ಬಂತೋ ಹಾಗೇ ಇಟ್ಟುಬಿಟ್ಟಿದ್ರು ಕಣೋ. ಒಂದು ಕೆಂಪು, ಎರಡು ನೀಲಿ, ಮತ್ತೆ ಕೆಂಪು. ಚಿಂದಿ ಅಂಗಡಿ ಥರ. ತೊಳೆದಾಗ ನಾನೇ ಸರಿ ಮಾಡ್ಬಿಟ್ಟೆ."

"ಭೇಷ್" ಎಂದೆ. ಮನಸಾರೆ ಎಂದೆ. ನನಗೇನು ಗೊತ್ತು?

ವರ್ಷ ತುಂಬಿತು. ಬೀಗ ತೆಗೆದು ನೋಡಿದರು. ಕೆಂಪು ಪಟ್ಟಿಯಲ್ಲೇ ಔಷಧಿ ಇತ್ತು, ಕೆಂಪು ಪಟ್ಟಿಯ ಇಲಿಗಳೇ ಕೋಲಿನ ಮೇಲೆ ಗಟ್ಟಿಯಾಗಿ ನಿಂತಿದ್ದವು. ಸಂಸ್ಥೆಯಲ್ಲಿ ಸಿಹಿ ಹಂಚಿದರು. ಅಣ್ಣ ತನ್ನ ಪಾಲಿನದ್ದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದ. "ನಮ್ಮ ಔಷಧಿ ಗೆದ್ದಿತು" ಎಂದ. ನಮ್ಮ ಔಷಧಿ! ಅತ್ತಿಗೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅದಾಗಿ ಕೆಲವೇ ದಿನಕ್ಕೆ ಎರಡನೇ ಸ್ಟ್ಯಾಂಡನ್ನು ಕೂರಿಸಲು ನಾನು ಹೋಗಿದ್ದೆ. ಡಾಕ್ಟರಮ್ಮ ಕೋಣೆಗೆ ಬಂದರು, ಹಿಂದೆ ಟೀಚರಮ್ಮ. ಈ ಕೆಲಸಕ್ಕೆ ಹಣ ಕೊಟ್ಟ ಕಚೇರಿಗೆ ವರ್ಷದ ಪ್ರಗತಿ ವರದಿ ಕಳಿಸಬೇಕಿತ್ತಂತೆ.

"ನೀಟಣ್ಣ, ಒಂದು ವಿಷಯ ಕೇಳೋಣ ಅಂತ ಬಂದೆ. ಪಂಜರಗಳನ್ನ ಸ್ಟ್ಯಾಂಡಿನಲ್ಲಿ ಹೇಗೆ ಇಟ್ವಿ ಅಂತ ವರದೀಲಿ ಬರೀಬೇಕು."

"ಮೇಡಂ, ಮೊದಲು ಕಳಿಸಿದ ಯೋಜನೇಲಿ ಇದೆಯಲ್ಲ. ಚೀಟಿ ಪ್ರಕಾರ ಅಂತ. ಅದನ್ನೇ ಹಾಕಿಬಿಡೋಣ" ಎಂದಳು ಟೀಚರಮ್ಮ.

"ಅದು ಮಾಡ್ತೀವಿ ಅಂತ ಹೇಳಿದ್ದು. ಮಾಡಿದ್ದೇನು ಅಂತ ಅವರು ಕೇಳ್ತಿರೋದು."

ಇಂಥ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾದಿದ್ದವನ ಹಾಗೆ ಅಣ್ಣನ ಮುಖ ಅರಳಿತು. ಕೈ ಒರೆಸಿಕೊಂಡು ಸ್ಟ್ಯಾಂಡಿನ ಪಕ್ಕ ನಿಂತ. "ಬನ್ನಿ ಮೇಡಂ, ನೋಡಿ. ಕೆಂಪು ಮೇಲೆ, ನೀಲಿ ಕೆಳಗೆ. ಮೊದಲು ಎಲ್ಲ ಕಲಸಿಹೋಗಿತ್ತು, ನಾನೇ ಬೇರೆ ಮಾಡಿದೆ. ಈಗ ಕಣ್ಣು ಮುಚ್ಚಿ ಎತ್ಕೋಬಹುದು."

ಡಾಕ್ಟರಮ್ಮ ಮೇಲಿನ ಅಂತಸ್ತಿನ ಮೇಲೆ ಅಂಗೈ ಇಟ್ಟರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಅಂತಸ್ತಿನ ಮೇಲೆ ಇಟ್ಟರು. "ಮೇಲೆ ಬೆಚ್ಚಗಿದೆ. ಇಲ್ಲಿ ತಣ್ಣಗಿದೆ" ಎಂದರು, ತಮಗೇ ಹೇಳಿಕೊಂಡ ಹಾಗೆ. ಕೂತಲ್ಲಿಂದಲೇ ಕೇಳಿದರು, "ಪರೀಕ್ಷೆಗೆ ಕೊಡುವಾಗ ಮೊದಲು ಯಾವುದನ್ನ ಕೊಡ್ತಿದ್ರಿ?"

"ಮೇಲಿಂದ ಶುರು ಮಾಡಿ ಕೆಳಕ್ಕೆ ಬರ್ತಿದ್ದೆ ಮೇಡಂ. ಸಾಲು ತಪ್ಪಬಾರದಲ್ಲ."

"ಮೇಲಿನವು ಬೆಳಿಗ್ಗೆ ಮುಗಿಯೋವು, ಕೆಳಗಿನವು ಊಟ ಆದಮೇಲೆ" ಎಂದಳು ಟೀಚರಮ್ಮ. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಅವರು ಕೊಟ್ಟ ಹಾಗೆ ನಾನು ತಗೊಳ್ತಿದ್ದೆ ಮೇಡಂ. ಮಧ್ಯಾಹ್ನ ಅವಕ್ಕೆ ನಿದ್ದೆಯ ಮಂಪರು. ನನಗೂ ಸುಸ್ತು."

ನನಗೆ ಆಗಲೂ ಏನೆಂದು ಹೊಳೆಯಲಿಲ್ಲ. "ಏನಾಯ್ತೀಗ?" ಎಂದು ದನಿ ಏರಿಸಿಯೇ ಕೇಳಿದೆ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಸಿಡುಕಲಿಲ್ಲ.

"ಮೇಸ್ತ್ರಿ, ಕೆಂಪು ಪಟ್ಟಿ ಇಲಿಗಳು ಚೆನ್ನಾಗಿ ನಡೆದವು. ಔಷಧಿ ಕುಡಿದು ನಡೆದವೋ, ಬೆಚ್ಚಗಿರೋ ಕಡೆ ಮಲಗಿ ಬೆಳಿಗ್ಗೆ ಹೊತ್ತು ಪರೀಕ್ಷೆಗೆ ಬಂದದ್ದಕ್ಕೆ ನಡೆದವೋ? ಎಲ್ಲ ಕಲಸಿದ್ದಿದ್ರೆ ಆ ಅನುಕೂಲ ಎರಡೂ ಗುಂಪಿಗೆ ಹಂಚಿಹೋಗ್ತಿತ್ತು. ಕಲಸಿಟ್ಟಿದ್ದು ಅದಕ್ಕೇ."

ಅಣ್ಣ ಸ್ಟ್ಯಾಂಡಿನ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದ. ಮುಟ್ಟಬಾರದ್ದನ್ನು ಮುಟ್ಟಿದವನ ಹಾಗೆ.

"ಯಾವಾಗಿಂದ ಹೀಗಿಟ್ಟಿದ್ದೀರಿ ನೀಟಣ್ಣ?"

ಅವನು ಅವರ ಮುಖ ನೋಡಿದ. ನನ್ನ ಮುಖ ನೋಡಿದ.

"ಮೊನ್ನೆ ಮೇಡಂ. ಕೊನೇ ಪರೀಕ್ಷೆಗೆ ಮುಂಚೆ ತೊಳೆದೆನಲ್ಲ, ಆವಾಗ."

ಡಾಕ್ಟರಮ್ಮ ದೊಡ್ಡದಾಗಿ ಉಸಿರು ಬಿಟ್ಟು ಎದ್ದರು. "ಅಬ್ಬ. ಹಾಗಾದ್ರೆ ಕೊನೇ ಪರೀಕ್ಷೆ ಒಂದನ್ನ ಲೆಕ್ಕದಿಂದ ಬಿಡೋಣ. ಯಾಕೆ ಬಿಟ್ವಿ ಅಂತಾನೂ ಬರೀತೀನಿ. ನೀವು ಹೇಳಿದ್ದು ಒಳ್ಳೇದಾಯ್ತು ನೀಟಣ್ಣ. ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಅವರು ಹೋದರು. ನನ್ನ ಕೈಯಲ್ಲಿ ಸ್ಪ್ಯಾನರು ಹಾಗೇ ಇತ್ತು. ಮೊನ್ನೆಯಲ್ಲ, ವರ್ಷದ ಮೊದಲಿಂದ ಹಾಗೇ ಇತ್ತೆಂದು ನಾನು ಕಣ್ಣಾರೆ ಕಂಡಿದ್ದೆ. ಕಂಡು ಭೇಷ್ ಎಂದಿದ್ದೆ. ಆದರೆ ಹೊರಗಿನವರ ಎದುರು ಅಣ್ಣನನ್ನು ಸುಳ್ಳುಗಾರ ಎನ್ನಲು ನನ್ನ ನಾಲಿಗೆಯೂ ಏಳಲಿಲ್ಲ. ಅಣ್ಣ ನನ್ನ ಕಡೆ ತಿರುಗದೆ ಒಂದು ಬಾಟಲಿಯ ಮೂತಿಯನ್ನು ತಟ್ಟುತ್ತಾ ನಿಂತ. ಹನಿ ಬರುತ್ತಲೇ ಇತ್ತು, ಅವನು ತಟ್ಟುತ್ತಲೇ ಇದ್ದ.

ಸಂಜೆ ಅವನ ಮನೆಗೆ ಹೋದೆ. ಅತ್ತಿಗೆ ಊಟಕ್ಕೆ ಬಡಿಸುತ್ತಿದ್ದರು. ಕೂತವನೇ ಶುರು ಮಾಡಿದೆ. ನನ್ನ ಕೋಪಕ್ಕೆ ಹೊತ್ತು ಗೊತ್ತು ಯಾವತ್ತೂ ಇಲ್ಲ.

"ಮೊನ್ನೆಯಂತೆ, ಮೊನ್ನೆ! ನಾಚಿಕೆ ಆಗಲ್ವೇನೋ ನಿನಗೆ?"

"ಊಟ ಮಾಡು."

"ಆಯಮ್ಮ ನಿನ್ನ ಮಾತು ನಂಬಿ ವರದಿಗೆ ರುಜು ಹಾಕ್ತಾರೆ. ನಿನ್ನ ಸುಳ್ಳಿಗೆ ಅವರ ರುಜು. ಮೇಲೆ ನಿನಗೇ ಥ್ಯಾಂಕ್ಸ್ ಬೇರೆ! ಕೇಳಿಸ್ಕೊಂಡು ಕಂಬದ ಹಾಗೆ ನಿಂತಿದ್ಯಲ್ಲ!"

ಅತ್ತಿಗೆ ಸೌಟು ಹಿಡಿದು ನಿಂತರು. "ಏನ್ರೀ ಅದು? ಏನು ಮಾಡಿದ್ರಿ?"

ನಾನೇ ಎಲ್ಲ ಹೇಳಿದೆ, ಒಂದಕ್ಕೆರಡು ಮಾಡಿ. ಅತ್ತಿಗೆ ಕೇಳಿ ಮುಗಿಸಿ ನನ್ನ ಮೇಲೇ ತಿರುಗಿದರು. "ನೀನೇನು ಕಡಿಮೇನಾ ಮೈದುನ? ಅಲ್ಲೇ ಇದ್ಯಲ್ಲ, ಅಲ್ಲಿ ನಿನ್ನ ಬಾಯಿಗೆ ಬೆಸುಗೆ ಹಾಕಿದ್ರಾ? ಅಲ್ಲಿ ಮೂಗ, ಇಲ್ಲಿ ಬಂದು ಸಿಂಹ."

ಅವರು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ಕೆಲಸ ಹೋಗುತ್ತೆ ಅಂತ ಹೆದರಿದ್ಯಾ?" ಎಂದು ಅಣ್ಣನ ಮೇಲೆ ಅರಚಿದೆ. "ಹೋದ್ರೆ ಹೋಗ್ಲಿ, ನನ್ನ ಅಂಗಡಿಗೆ ಬಾ, ಸರಳು ಜೋಡಿಸು!"

"ಕೆಲಸದ್ದಲ್ಲ ಕಣೋ."

"ಮತ್ತೆ?"

ಅಣ್ಣ ಬಹಳ ಹೊತ್ತು ತಟ್ಟೆಯ ಅಂಚನ್ನು ಮೇಜಿನ ಅಂಚಿಗೆ ಸರಿಹೊಂದಿಸುತ್ತಾ ಇದ್ದ.

"ಅಲ್ಲಿ ನನ್ನ ಹತ್ರ ಏನಿದೆ ಹೇಳು. ಓದಿಲ್ಲ, ಬರಹವಿಲ್ಲ. ನೀಟಣ್ಣ ಅಂತಾರೆ, ಅದೊಂದಿದೆ. ಅದೇ ಅವರ ಕೆಲಸ ಕೆಡಿಸಿದ್ದು ಅಂತ ಹೇಗೆ ಹೇಳ್ಲಿ? ಆಯಮ್ಮನ ಮುಖ ನೋಡಿದ್ಯಲ್ಲ. ನನ್ನ ಬಾಯಿಂದ ಮೊನ್ನೆ ಅಂತ ತಾನೇ ಬಂದುಬಿಡ್ತು."

"ತಾನೇ ಬಂತಂತೆ! ಕಳ್ಳನಿಗೂ ಕೈ ತಾನೇ ಹೋಗುತ್ತೆ!"

ಆ ಮಾತು ಆಡಬಾರದಿತ್ತು. ಅಣ್ಣ ಎದ್ದು ಕೈ ತೊಳೆದ. ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿತ್ತು. ಹಿತ್ತಲ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ನಿಂತು, "ನಾಳೆ ಹೇಳ್ತೀನಿ. ನೀನೂ ಬಾ. ಒಬ್ಬನೇ ಹೋದ್ರೆ ಬಾಗಿಲವರೆಗೆ ಹೋಗಿ ವಾಪಸ್ ಬಂದುಬಿಡ್ತೀನಿ" ಎಂದ.

ಬೆಳಿಗ್ಗೆ ಇಬ್ಬರೂ ಹೋದೆವು. ಡಾಕ್ಟರಮ್ಮನ ಕೋಣೆ ಮಹಡಿಯ ಮೇಲೆ. ಅಣ್ಣ ಅಲ್ಲಿಗೆ ಮೊದಲು ಯಾವತ್ತೂ ಹೋಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅಲ್ಲಿ ಯಾರೂ ಬಿಡುವುದಿಲ್ಲ. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಬಾಗಿಲು ಅರ್ಧ ತೆರೆದಿತ್ತು.

"ಮೇಡಂ, ಮೊನ್ನೆ ಅಲ್ಲ."

"ಏನು ನೀಟಣ್ಣ?"

"ಕೆಂಪು ಮೇಲಿಟ್ಟಿದ್ದು ಮೊನ್ನೆ ಅಲ್ಲ ಮೇಡಂ. ಮೊದಲನೇ ಸಲ ತೊಳೆದಾಗಿನಿಂದ. ಎಲ್ಲಾ ಪರೀಕ್ಷೆಗೂ ಹಾಗೇ ಕೊಟ್ಟಿದ್ದೀನಿ."

ಒಳಗೆ ಕುರ್ಚಿ ಹಿಂದೆ ಸರಿದದ್ದು ಕೇಳಿಸಿತು. ಡಾಕ್ಟರಮ್ಮ ಸಮಾಧಾನದ ಮಾತಾಡುತ್ತಾರೆಂದು ನಾನು ಕಾದೆ. ಆಡಲಿಲ್ಲ.

"ನಿನ್ನೆ ಯಾಕೆ ಸುಳ್ಳು ಹೇಳಿದ್ರಿ?" ಅವರ ದನಿ ನಡುಗುತ್ತಿತ್ತು, ಸಿಟ್ಟಿಗೆ. "ರಾತ್ರಿಯಿಡೀ ಕೂತು ಬರೆದಿದ್ದೀನಿ. ಇವತ್ತು ಕಳಿಸೋಳಿದ್ದೆ. ಕಳಿಸಿಬಿಟ್ಟಿದ್ರೆ? ನಾಳೆ ಈ ಔಷಧಿಯನ್ನ ನಂಬಿ ಇನ್ನೊಬ್ಬರು ಕೆಲಸ ಶುರು ಮಾಡ್ತಾರೆ. ಕಾಲು ಸೋತ ಮನುಷ್ಯರು ಕಾಯ್ತಾ ಕೂತಿರ್ತಾರೆ ನೀಟಣ್ಣ!"

"ನಾಚಿಕೆ ಆಯ್ತು ಮೇಡಂ."

ಅಷ್ಟೇ ಹೇಳಿದ. ಬೇರೆ ಏನಾದರೂ ಹೇಳಿದ್ದರೆ ಅವರು ಇನ್ನೂ ಬೈಯುತ್ತಿದ್ದರೇನೋ. ಅವರ ದನಿ ಇಳಿಯಿತು.

"ನನಗೂ ಆಗ್ತಿದೆ. ಒಂದು ವರ್ಷ ಆ ಸ್ಟ್ಯಾಂಡಿನ ಎದುರು ನಾನು ನಿಂತು ನೋಡಿಲ್ಲ. ಯಾಕೆ ಕಲಸಿಟ್ಟಿದ್ದೀವಿ ಅಂತ ನಿಮಗೊಂದು ಮಾತು ಹೇಳಿಲ್ಲ. ಕೂತ್ಕೊಳ್ಳಿ. ಮೊದಲಿಂದ ಹೇಳಿ. ಒಂದನ್ನೂ ಬಿಡಬೇಡಿ."

ಅಣ್ಣ ಕೂರಲಿಲ್ಲ. ನಿಂತೇ ಹೇಳಿದ. ಯಾವ ತೊಳೆತದ ನಂತರ ಯಾವ ಪಂಜರ ಎಲ್ಲಿಗೆ ಬಂತು ಎಂದು ಅವರು ಕೇಳಿ ಕೇಳಿ ಬರೆದುಕೊಂಡರು. ಕೆಲವಕ್ಕೆ ಅವನು "ನೆನಪಿಲ್ಲ ಮೇಡಂ" ಎಂದ. "ನೆನಪಿಲ್ಲ ಅಂತಾನೇ ಬರೀತೀನಿ" ಎಂದರು ಅವರು. ಹೊರಬಂದಾಗ ಅಣ್ಣನ ಅಂಗಿಯ ಬೆನ್ನು ಒದ್ದೆಯಾಗಿತ್ತು. ನಾನು ಹೆಗಲ ಮೇಲೆ ಕೈ ಹಾಕಲು ಹೋದೆ, ಪಕ್ಕಕ್ಕೆ ಸರಿದ.

ಆಮೇಲಿನ ದಿನಗಳು ಕೆಟ್ಟವು. ಸುದ್ದಿ ಸಂಸ್ಥೆಯಲ್ಲೆಲ್ಲ ಹರಡಿತು. ಸಿಹಿ ತಿಂದವರೆಲ್ಲ ಪ್ರಾಣಿ ಕೋಣೆಯ ಬಾಗಿಲನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ಅಣ್ಣ ಊಟದ ಡಬ್ಬಿಯನ್ನು ಕ್ಯಾಂಟೀನಿಗೆ ಒಯ್ಯದೆ ಪಂಜರ ತೊಳೆಯುವ ತೊಟ್ಟಿಯ ಪಕ್ಕ ಕೂತು ಉಣ್ಣುತ್ತಿದ್ದ. ಯಾರೋ ಒಬ್ಬರು ಅಭ್ಯಾಸಬಲದಿಂದ "ನೀಟಣ್ಣ" ಎಂದು ಕರೆದು ಅರ್ಧಕ್ಕೇ ಮಾತು ನುಂಗಿದರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದ ನನ್ನ ಬಳಿ.

ಮನೆಯಲ್ಲಿ ಅವನು ಏನನ್ನೂ ಜೋಡಿಸುವುದು ಬಿಟ್ಟ. ಚಪ್ಪಲಿ ಬಿಟ್ಟಲ್ಲೇ ಬಿದ್ದಿರುತ್ತಿತ್ತು, ಒಂದು ಇತ್ತ, ಒಂದು ಅತ್ತ. ಅತ್ತಿಗೆ ನನ್ನ ಅಂಗಡಿಗೆ ಬಂದರು.

"ನೋಡು, ನಿಮ್ಮಣ್ಣನ ಹಣೆ ಮುಟ್ಟಿ ನೋಡಿದೆ, ಜ್ವರ ಇಲ್ಲ. ಬಟ್ಟೆ ಹೇಗೆಂದರೆ ಹಾಗೆ ಹರವಿದ್ದೀನಿ, ಬೇಕಂತಲೇ. ತಿರುಗಿ ನೋಡ್ಲಿಲ್ಲ. ಆ ಹಗ್ಗದ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಈಗ ಅದರ ಸ್ಥಿತಿ ನೋಡಿದ್ರೆ ಅಯ್ಯೋ ಅನ್ಸುತ್ತೆ. ನೀನಾಡಿದ ಆ ಕಳ್ಳ ಅನ್ನೋ ಮಾತು ಮಾತ್ರ ಅವರ ಹೊಟ್ಟೇಲೇ ಕೂತಿದೆ."

ನಾನು ಸುತ್ತಿಗೆ ಕೆಳಗಿಟ್ಟೆ. ಅತ್ತಿಗೆಯ ಮುಖ ನೋಡಲಾಗಲಿಲ್ಲ.

ಒಂದು ದಿನ ಡಾಕ್ಟರಮ್ಮ ಇಬ್ಬರಿಗೂ ಬರಹೇಳಿದರು. ಹೊಸ ಸ್ಟ್ಯಾಂಡಿನ ವಿಷಯವೂ ಇತ್ತು, ಅದಕ್ಕೆ ನನಗೂ ಕರೆ. ಪ್ರಾಣಿ ಕೋಣೆಯ ಹೊರಗಿನ ಮೇಜಿನ ಮೇಲೆ ವರದಿಯ ಹಾಳೆಗಳಿದ್ದವು.

"ಕಳಿಸೋ ಮುಂಚೆ ನಿಮಗೆ ಓದಿ ಹೇಳ್ಬೇಕು ಅನ್ಸಿತು. ತಪ್ಪಿದ್ರೆ ಹೇಳಿ" ಎಂದು, ಒಂದೊಂದೇ ಸಾಲಿನ ಅರ್ಥ ಬಿಡಿಸಿ ಹೇಳತೊಡಗಿದರು. ಔಷಧಿ ಕುಡಿದ ಇಲಿಗಳು ಚೆನ್ನಾಗಿ ನಡೆದದ್ದು ನಿಜ, ಆದರೆ ಅದು ಔಷಧಿಯಿಂದಲೇ ಎಂದು ಹೇಳಲು ನಮಗೆ ಸಾಧ್ಯವಿಲ್ಲ. ಪಂಜರಗಳು ಬಣ್ಣದ ಪ್ರಕಾರ ಮೇಲೆ ಕೆಳಗೆ ಆಗಿದ್ದವು, ಪರೀಕ್ಷೆಯ ಹೊತ್ತೂ ಹಾಗೇ ಬೇರೆಯಾಗಿತ್ತು. ಚೀಟಿಯ ಕ್ರಮ ಯಾಕೆಂದು ಪ್ರಾಣಿಗಳನ್ನು ನೋಡಿಕೊಳ್ಳುವವರಿಗೆ ನಾವು ತಿಳಿಸಿರಲಿಲ್ಲ, ಹೋಗಿ ನೋಡಿಯೂ ಇರಲಿಲ್ಲ. ಮತ್ತೆ ಮೊದಲಿಂದ ಮಾಡುತ್ತೇವೆ. ಪ್ರತಿ ತೊಳೆತಕ್ಕೂ ಹೊಸದಾಗಿ ಚೀಟಿ ಎತ್ತಿ ಪಂಜರದ ಜಾಗ ಬದಲಿಸುತ್ತೇವೆ.

"ಆ ಚೀಟಿ ಎತ್ತೋರು ನೀವೇ" ಎಂದರು ಅಣ್ಣನಿಗೆ. ಅಣ್ಣ ತಲೆ ತಗ್ಗಿಸಿ ಕೇಳುತ್ತಿದ್ದ. ಕಿವಿ ಕೆಂಪಗಾಗಿತ್ತು.

ಮುಂದಿನ ಸಾಲು ಓದಿದರು. "ಈ ವಿಷಯವನ್ನು ಪ್ರಾಣಿಗಳನ್ನು ನೋಡಿಕೊಳ್ಳುವವರು ತಾವಾಗಿಯೇ ಬಂದು ತಿಳಿಸಿದರು."

ಅಣ್ಣ ತಲೆ ಎತ್ತಿದ.

"ಅದು ತೆಗೀರಿ ಮೇಡಂ."

"ಯಾವುದು?"

"ತಾವಾಗಿಯೇ ಅನ್ನೋದು. ನಾನಾಗಿಯೇ ಬರಲಿಲ್ಲ. ಮೊದಲು ಸುಳ್ಳು ಹೇಳಿದೆ. ಇವನು ಬೈದ ಮೇಲೆ ಬಂದೆ. ಇವನು ಬೈಯದೆ ಇದ್ದಿದ್ರೆ ಬರ್ತಿದ್ನೋ ಇಲ್ವೋ, ನನಗೆ ಗೊತ್ತಿಲ್ಲ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನನಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಜೀವಮಾನವಿಡೀ ಸಿಕ್ಕಸಿಕ್ಕವರನ್ನು ಬೈದವನು ನಾನು. ಅದನ್ನು ಯಾರಾದರೂ ಹೀಗೆ ಲೆಕ್ಕಕ್ಕೆ ತಗೊಳ್ಳುತ್ತಾರೆ ಎಂದುಕೊಂಡಿರಲಿಲ್ಲ. ಅದೂ ನನ್ನಿಂದ ಕಳ್ಳ ಎನಿಸಿಕೊಂಡವನ ಬಾಯಿಂದ.

"ತಮ್ಮ ಬೈದರು ಅಂತ ವರದೀಲಿ ಬರೆಯೋಕೆ ಜಾಗ ಇಲ್ಲ ನೀಟಣ್ಣ" ಎಂದರು ಡಾಕ್ಟರಮ್ಮ. ನಗಲಿಲ್ಲ. "ಮೊದಲು ಬೇರೆ ದಿನ ಹೇಳಿದ್ದರು, ಮರುದಿನ ತಿದ್ದಿ ಹೇಳಿದರು ಅಂತ ಹಾಕ್ಲಾ?"

"ಹಾಕಿ."

ಅವರು ಪೆನ್ನು ತೆಗೆದು 'ತಾವಾಗಿಯೇ' ಎಂಬುದರ ಮೇಲೆ ಗೆರೆ ಎಳೆದರು. ಅಣ್ಣ ಮುಂದಕ್ಕೆ ಬಾಗಿ ನೋಡಿದ. ಗೆರೆ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿತ್ತು.

"ಮೇಡಂ, ಅದು ಸೊಟ್ಟ..." ಎಂದವನು ನಾಲಿಗೆ ಕಚ್ಚಿಕೊಂಡ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತಾ ನಿಂತ.